ಬಾಡಿದ ಮನಸ್ಸು, ಬಾರದ ನಿದ್ದೆ: ಖಿನ್ನತೆಯ ಔಷಧಗಳ ಕಥೆ



ಶಿಗ್ಗಾವಿ ತಾಲೂಕಿನ ಹುಲಗೂರಿನ ಹೆಸರನ್ನು ನೀವು ಕೇಳಿರಬಹುದು. ಖಾದರಿ ದರ್ಗಾ ಇರುವ ಊರು. ಸಂತ ಶರೀಫರ ಶಿಶುನಾಳವೂ ಅದೇ ತಾಲೂಕಿನದು. 1997ರಲ್ಲಿ ಹಾವೇರಿ ಜಿಲ್ಲೆ ರಚನೆಯಾಗುವವರೆಗೆ ಈ ಭಾಗವೆಲ್ಲ ಧಾರವಾಡ ಜಿಲ್ಲೆಗೆ ಸೇರಿತ್ತು. ಧಾರವಾಡದಲ್ಲಿ 1845ರಷ್ಟು ಹಿಂದೆಯೇ ಮಾನಸಿಕ ರೋಗಿಗಳಿಗಾಗಿ ಒಂದು ಆಸ್ಪತ್ರೆ ಆರಂಭವಾಯಿತು. ಜನ ಅದನ್ನು ‘ಹುಚ್ಚಾಸ್ಪತ್ರೆ’ ಎಂದರು. ಇಂದು ಅದೇ ಡಿಮ್ಹಾನ್ಸ್ ಸಂಸ್ಥೆ. ಆದರೆ ಆ ಆಸ್ಪತ್ರೆ ಬಾಗಿಲು ತೆರೆದು ನೂರು ವರ್ಷ ಕಳೆದರೂ ಖಿನ್ನತೆಗೆ ನಂಬಬಹುದಾದ ಒಂದು ಗುಳಿಗೆ ಜಗತ್ತಿನಲ್ಲೆಲ್ಲೂ ಇರಲಿಲ್ಲ.

ಅದು ಸಿಕ್ಕಿದ್ದು ಆಕಸ್ಮಿಕವಾಗಿ. 1952ರಲ್ಲಿ ನ್ಯೂಯಾರ್ಕಿನ ಕ್ಷಯರೋಗಿಗಳಿಗೆ ಐಪ್ರೋನಿಯಾಜಿಡ್ ಎಂಬ ಔಷಧ ಕೊಟ್ಟಾಗ ಹಾಸಿಗೆ ಹಿಡಿದವರೂ ಲವಲವಿಕೆಯಿಂದ ಓಡಾಡತೊಡಗಿದರು. 1956ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ರೋಲಾಂಡ್ ಕುನ್, ಬೇರೊಂದು ಕಾಯಿಲೆಗೆ ಪರೀಕ್ಷೆಯಾಗುತ್ತಿದ್ದ ಇಮಿಪ್ರಮಿನ್‌ನಿಂದ ಖಿನ್ನತೆ ಇಳಿಯುವುದನ್ನು ಕಂಡರು.

ಇವು ಕೆಲಸ ಮಾಡುವುದು ಹೇಗೆ? ಇದರ ಸುಳಿವು ಸಿಕ್ಕಿದ್ದರಲ್ಲಿ ನಮ್ಮ ನಾಡಿನ ಸರ್ಪಗಂಧಿ ಬೇರಿನ ಪಾಲೂ ಇದೆ. ಆ ಬೇರಿನಿಂದ ತೆಗೆದ ರಿಸರ್ಪಿನ್ ಔಷಧವನ್ನು ರಕ್ತದೊತ್ತಡಕ್ಕೆ ಕೊಟ್ಟಾಗ ಕೆಲವು ರೋಗಿಗಳ ಮನಸ್ಸು ಕುಗ್ಗಿತು. ಮಿದುಳಿನ ಸೆರೊಟೋನಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳನ್ನು ಅದು ಬರಿದು ಮಾಡುತ್ತಿತ್ತು. ಒಂದು ನರಕೋಶದ ಸಂದೇಶವನ್ನು ಮತ್ತೊಂದಕ್ಕೆ ಒಯ್ಯುವ ದೂತರು ಇವು. ಕೆಲಸ ಮುಗಿದೊಡನೆ ಕಳಿಸಿದ ಕೋಶವೇ ಇವನ್ನು ಹಿಂದಕ್ಕೆ ಹೀರಿಕೊಳ್ಳುತ್ತದೆ. ಇಮಿಪ್ರಮಿನ್ ಆ ಹೀರುವಿಕೆಯನ್ನು ತಡೆಯುತ್ತದೆ. ಐಪ್ರೋನಿಯಾಜಿಡ್ ದೂತರನ್ನು ಒಡೆಯುವ ಕಿಣ್ವವನ್ನು ತಡೆಯುತ್ತದೆ. 1987ರಲ್ಲಿ ಅಮೆರಿಕದಲ್ಲಿ ಮಂಜೂರಾದ ಫ್ಲುಆಕ್ಸಿಟಿನ್ ಮುಖ್ಯವಾಗಿ ಸೆರೊಟೋನಿನ್ನಿನ ಹೀರುವಿಕೆಯನ್ನಷ್ಟೇ ತಡೆಯುತ್ತದೆ. ಆದ್ದರಿಂದ ಹೃದಯಕ್ಕೆ ಅಪಾಯ ಕಡಿಮೆ.

ಹಾಗಾದರೆ ಖಿನ್ನತೆ ಎಂದರೆ ಸೆರೊಟೋನಿನ್ ಕೊರತೆಯೇ? ಅಷ್ಟು ಸರಳವಲ್ಲ. ಗುಳಿಗೆ ಕೆಲವೇ ಗಂಟೆಗಳಲ್ಲಿ ರಾಸಾಯನಿಕವನ್ನು ಬದಲಿಸುತ್ತದೆ. ಮನಸ್ಸು ತಿಳಿಯಾಗಲು ಎರಡರಿಂದ ಆರು ವಾರ ಬೇಕು. ನಡುವೆ ಮಿದುಳಿನಲ್ಲಿ ನಿಧಾನವಾದ ಹೊಂದಾಣಿಕೆ ನಡೆಯುತ್ತದೆ. ‘ಒಂದು ವಾರ ನುಂಗಿದೆ, ಏನೂ ಆಗಲಿಲ್ಲ’ ಎಂದು ಬಿಟ್ಟುಬಿಡುವವರು ಸೋಲುವುದು ಇಲ್ಲೇ.

ಇನ್ನು ನಿದ್ದೆಯ ಮಾತು. ಖಿನ್ನತೆಯುಳ್ಳ ಬಹಳ ಜನ ನಸುಕಿಗೇ ಎಚ್ಚರಗೊಂಡು ಹೊರಳಾಡುತ್ತಾರೆ. ವೈದ್ಯರು ಔಷಧ ಆರಿಸುವಾಗ ಇದನ್ನು ಕೇಳಿಯೇ ಕೇಳುತ್ತಾರೆ. ಫ್ಲುಆಕ್ಸಿಟಿನ್ ನಿದ್ದೆ ಕೆಡಿಸಬಹುದು. ಹೀಗಾಗಿ ಸಾಮಾನ್ಯವಾಗಿ ಬೆಳಿಗ್ಗೆ ಕೊಡುತ್ತಾರೆ. ಮಿರ್ಟಜಪಿನ್ ಹಿಸ್ಟಮಿನ್ನನ್ನೂ ತಡೆಯುವುದರಿಂದ ನಿದ್ದೆ ತರುತ್ತದೆ. ರಾತ್ರಿ ಕೊಡುತ್ತಾರೆ, ಆದರೆ ಹಸಿವು, ತೂಕ ಹೆಚ್ಚಬಹುದು. ಹಳೆಯ ಅಮಿಟ್ರಿಪ್ಟಲಿನ್ ಕೂಡ ನಿದ್ದೆ ತರುತ್ತದೆ. ಬಾಯಿ ಒಣಗಿಸುತ್ತದೆ, ಪ್ರಮಾಣ ಮೀರಿದರೆ ಹೃದಯಕ್ಕೆ ಪ್ರಾಣಾಪಾಯ. ‘ಎಲ್ಲಕ್ಕಿಂತ ಒಳ್ಳೆಯ ಗುಳಿಗೆ’ ಎಂಬುದಿಲ್ಲ. ಈ ರೋಗಿಗೆ ಒಗ್ಗುವ ಗುಳಿಗೆ ಎಂಬುದಿದೆ. ವಯಸ್ಸು, ಬೇರೆ ಕಾಯಿಲೆ, ಹಿಂದೆಂದಾದರೂ ಅತಿ ಉತ್ಸಾಹದ ಉನ್ಮಾದ ಬಂದಿತ್ತೇ ಎಂಬುದು, ಎಲ್ಲವನ್ನೂ ತೂಗಬೇಕು. ಸೌಮ್ಯ ಖಿನ್ನತೆಗೆ ಎಷ್ಟೋ ಸಲ ಆಪ್ತಸಮಾಲೋಚನೆಯೇ ಸಾಕು.

ನಿಮ್ಮ ವಯಸ್ಸಿನವರಿಗೆ ಒಂದು ವಿಶೇಷ ಎಚ್ಚರಿಕೆ. ಇಪ್ಪತ್ತೈದು ತುಂಬದವರಲ್ಲಿ ಔಷಧದ ಮೊದಲ ವಾರಗಳಲ್ಲಿ ಸಾಯುವ ಯೋಚನೆ ಹೆಚ್ಚಬಹುದು. ಆಗ ಮನೆಯವರ ಕಣ್ಣು ಮೇಲಿರಬೇಕು, ವೈದ್ಯರಿಗೆ ತಕ್ಷಣ ತಿಳಿಸಬೇಕು. ಗುಳಿಗೆಯನ್ನು ತಟ್ಟನೆ ನಿಲ್ಲಿಸಬಾರದು. ಅಜ್ಜನ ನಿದ್ದೆಗುಳಿಗೆಯನ್ನು ಪರೀಕ್ಷೆಯ ಹಿಂದಿನ ರಾತ್ರಿ ನುಂಗುವುದಂತೂ ಬೇಡವೇ ಬೇಡ.

1845ರಲ್ಲಿ ಇಲ್ಲದ ಅನುಕೂಲ ಇಂದು ಇದೆ. ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದ ಮಾದರಿಯಲ್ಲಿ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿದೆ. 2022ರಿಂದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಎರಡು ವಾರದಿಂದ ಮನಸ್ಸು ಬಾಡಿ, ನಿದ್ದೆ ದೂರವಾಗಿದ್ದರೆ ನಾಚದೆ ಹೇಳಿ. ಗೆಳೆಯನೊಬ್ಬ ಹಾಗಿದ್ದರೆ ‘ಹುಚ್ಚು’ ಎನ್ನಬೇಡಿ. ಅವನ ಜೊತೆ ಆಸ್ಪತ್ರೆಗೆ ಹೋಗಿ.