ನೋಯದ ಗಾಯ

ಆನೇಮಹಲ್‌ನಲ್ಲಿರೋ ನಮ್ಮ ದೊಡ್ಡಪ್ಪನ ಬಲಗಾಲಲ್ಲಿ, ಹೆಬ್ಬೆರಳಿನ ಬುಡಕ್ಕೆ ಒಂದು ಗಾಯ ಆಗಿತ್ತು. ಹಳೇ ಎಂಟಾಣೆಯಷ್ಟು ಅಗಲ. ಆರು ತಿಂಗಳಾದರೂ ಮಾಯಲಿಲ್ಲ. ಸಕಲೇಶಪುರದಿಂದ ತಂದ ಮುಲಾಮು, ಅರಿಶಿನ, ಜೇನುತುಪ್ಪ, ಮೂರು ಥರದ ಮಾತ್ರೆ ಎಲ್ಲ ಆಯ್ತು. ಬೆಳಗ್ಗೆ ಬ್ಯಾಂಡೇಜು ಕಟ್ಟಿಸಿಕೊಂಡು, ಗಂಬೂಟು ಹಾಕಿಕೊಂಡು ತೋಟ ಸುತ್ತೋಕೆ ಹೊರಟೇಬಿಡೋರು. ನಡೀಬೇಡಿ ದೊಡ್ಡಪ್ಪ ಅಂದರೆ, "ನೋವೇ ಇಲ್ಲ ಕಣೋ, ಸುಮ್ನೆ ಕೂತು ಏನ್ ಮಾಡ್ಲಿ?" ಅನ್ನೋರು. ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ.

ಆ "ನೋವೇ ಇಲ್ಲ" ಅನ್ನೋ ಮಾತಿನ ಹಿಂದೆ ಒಂದು ದೊಡ್ಡ ಚರಿತ್ರೆ ಇದೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಅದು ಶುರುವಾಗೋದು ಸಕ್ಕರೆ ಕಾಯಿಲೆಯಿಂದ ಅಲ್ಲ, ಕುಷ್ಠರೋಗದಿಂದ.

ನಮ್ಮೂರಿಂದ ಶಿರಾಡಿ ಘಾಟಿ ಇಳಿದು ಹೋದರೆ ಮಂಗಳೂರು. ಅಲ್ಲಿನ ಕಂಕನಾಡಿಯಲ್ಲಿ 1880ರಲ್ಲಿ ಔಷಧಾಲಯ ಶುರು ಮಾಡಿದ ಜರ್ಮನಿಯ ಪಾದ್ರಿ ಅಗಸ್ಟಸ್ ಮುಲ್ಲರ್, 1890ರಲ್ಲಿ ಕುಷ್ಠರೋಗಿಗಳಿಗೂ ಒಂದು ನೆಲೆ ಕಟ್ಟಿದರು. ಆಗ ಇಂಥ ಕಡೆ ಸಿಗುತ್ತಿದ್ದದ್ದು ಊಟ, ಆಸರೆ, ಹುಣ್ಣು ತೊಳೆಯುವ ಕೈಗಳು. ರೋಗಕ್ಕೆ ಸರಿಯಾದ ಔಷಧಿ ಬಂದದ್ದು 1940ರ ದಶಕದಲ್ಲಿ. ಈ ರೋಗದಲ್ಲಿ ಮಾಂಸವೇ ಕೊಳೆತು ಬೆರಳು ಉದುರುತ್ತದೆ ಅಂತಲೇ ಜನ ನಂಬಿದ್ದರು.

1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಪಾಲ್ ಬ್ರ್ಯಾಂಡ್ ಅನ್ನೋ ಸರ್ಜನ್ ಬಂದರು. ಹುಟ್ಟಿದ್ದು 1914ರಲ್ಲಿ, ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ. ಕುಷ್ಠರೋಗಿಗಳ ಕೈಗೆ ಆಪರೇಷನ್ ಮಾಡಿದಾಗ ಅವರಿಗೆ ಒಂದು ವಿಷಯ ಕಂಡಿತು. ತಾವು ಕೊಯ್ದ ಗಾಯ ಬೇರೆಯವರಲ್ಲಿ ಮಾಯುವ ಹಾಗೆಯೇ ಮಾಯುತ್ತಿತ್ತು! ಅಂದರೆ ಮಾಂಸ ಕೆಟ್ಟಿಲ್ಲ. ಹಾಗಾದರೆ ಹುಣ್ಣು ಯಾಕೆ?

ಒಮ್ಮೆ ತುಕ್ಕು ಹಿಡಿದ ಬೀಗ ಅವರ ಕೈಯಲ್ಲಿ ತೆಗೆಯೋಕಾಗಲಿಲ್ಲ. ಕುಷ್ಠರೋಗವಿದ್ದ ಒಬ್ಬ ಹುಡುಗ ಬಂದು ತಿರುಗಿಸಿಯೇ ಬಿಟ್ಟ. ನೋಡಿದರೆ ಅವನ ಬೆರಳು ಮೂಳೆ ಕಾಣುವಷ್ಟು ಕೊಯ್ದಿದೆ, ಅವನಿಗೆ ಗೊತ್ತೇ ಇಲ್ಲ. ಉತ್ತರ ಅಲ್ಲಿತ್ತು. ಸತ್ತಿದ್ದು ನರ, ಹೋಗಿದ್ದು ನೋವು. ಕಾಲಲ್ಲಿ ಸಣ್ಣ ಗುಳ್ಳೆ ಎದ್ದರೂ ನಾವು ಕುಂಟುತ್ತೇವೆ, ಭಾರವನ್ನು ಬೇರೆ ಕಡೆ ಹಾಕುತ್ತೇವೆ. ನೋವಿಲ್ಲದವರು ಅದೇ ಜಾಗ ಊರಿ ಸಾವಿರಾರು ಹೆಜ್ಜೆ ಹಾಕುತ್ತಾರೆ. ಆ ಹುಣ್ಣು ಮಾಯದ್ದಲ್ಲ, ನಾವು ಮಾಯೋಕೆ ಬಿಡದ್ದು.

ಔಷಧಿಯೂ ಹಾಗೇ ಸರಳ. ಮಂಡಿಯ ಕೆಳಗಿನಿಂದ ಬೆರಳಿನ ತನಕ ಕಾಲಿಗೆ ಒತ್ತಾಗಿ ಕೂರುವಂತೆ ಪ್ಲಾಸ್ಟರ್. ಒಂದೇ ಜಾಗದ ಭಾರ ಇಡೀ ಕಾಲಿಗೆ ಹಂಚಿಹೋಗುತ್ತದೆ. ಸಿಂಹಳದಲ್ಲಿ ಇದನ್ನು ಮೊದಲೇ ಮಾಡಿ ನೋಡಿದ್ದರು. ಬ್ರ್ಯಾಂಡ್ ಮತ್ತು ಜೊತೆಗಾರರು ಅದಕ್ಕೊಂದು ಪದ್ಧತಿ ಕೊಟ್ಟರು. ಹುಣ್ಣು ಮಾಯ್ದ ಮೇಲೆ ಮತ್ತೆ ಆಗದಿರಲಿ ಅಂತ ಮೆತ್ತನೆ ರಬ್ಬರಿನ ಚಪ್ಪಲಿ ಬಂತು. 1966ರಲ್ಲಿ ಅವರು ಅಮೆರಿಕದ ಕಾರ್‌ವಿಲ್ ಆಸ್ಪತ್ರೆಗೆ ಹೋದರು. ಅಲ್ಲಿ ಇದೇ ವಿದ್ಯೆ ಸಕ್ಕರೆ ಕಾಯಿಲೆಯವರ ಪಾದಕ್ಕೂ ದಾಟಿತು, ಯಾಕಂದರೆ ಅಲ್ಲೂ ಸಾಯುವುದು ನರವೇ.

ಕೊನೆಗೂ ದೊಡ್ಡಪ್ಪನನ್ನು ಮಂಗಳೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಕಣ್ಣು ಮುಚ್ಚಿಸಿ, ಹತ್ತು ಗ್ರಾಂ ಒತ್ತುವ ನೈಲಾನ್ ಎಳೆಯಿಂದ ಪಾದ ಮುಟ್ಟಿದರು. "ಯಾವಾಗ ಶುರು ಮಾಡ್ತೀರಿ ಡಾಕ್ಟ್ರೇ?" ಅಂತ ದೊಡ್ಡಪ್ಪ ಕೇಳಿದರು. ಅಷ್ಟರಲ್ಲಿ ನಾಲ್ಕು ಕಡೆ ಮುಟ್ಟಿ ಆಗಿತ್ತು. ನನಗೆ ಗಂಟಲು ಕಟ್ಟಿತು.

ರಕ್ತ ಓಡಾಟ ಸರಿ ಇದೆಯಾ, ಕೀವು ಇದೆಯಾ ಅಂತ ಮೊದಲು ನೋಡಿದರು. ರಕ್ತನಾಳ ಕಟ್ಟಿದ್ದರೆ ಪ್ಲಾಸ್ಟರಿನಿಂದ ಅಪಾಯವೇ ಹೆಚ್ಚಂತೆ. ಆಮೇಲೆ ಪ್ಲಾಸ್ಟರ್ ಹಾಕಿ, ವಾರ ವಾರ ಬದಲಿಸಿದರು. ಕಾಫಿ ಕುಯ್ಲೆಲ್ಲ ದೊಡ್ಡಪ್ಪ ಜಗುಲಿಯಲ್ಲಿ ಕೂತು ಕೂಗಾಡಿಕೊಂಡೇ ಮಾಡಿಸಿದರು. ಎರಡು ತಿಂಗಳಿಗೆ ಗಾಯ ಮುಚ್ಚಿತು. ನರ ವಾಪಸ್ ಬರಲಿಲ್ಲ. ಅದಕ್ಕೇ ಈಗ ದಿನಾ ರಾತ್ರಿ ದೊಡ್ಡಮ್ಮ ಟಾರ್ಚ್ ಹಿಡಿದು ಅವರ ಪಾದ ನೋಡುತ್ತಾರೆ.

ನಿಮ್ಮಲ್ಲೂ ಬಹಳ ಜನರ ಅಪ್ಪ ಅಮ್ಮನಿಗೆ ಸಕ್ಕರೆ ಇರುತ್ತೆ. ಈ ಸಲ ಊರಿಗೆ ಹೋದಾಗ "ನೋವಿದೆಯಾ?" ಅಂತ ಕೇಳಿ ಸುಮ್ಮನಾಗಬೇಡಿ. ಪಾದ ತಿರುಗಿಸಿ ನೋಡಿ.