ಮುಚ್ಚಿದ ಬಾಗಿಲು: ಕತ್ರಿನಾ ಚಂಡಮಾರುತದ ನಂತರ ನ್ಯೂ ಆರ್ಲಿಯನ್ಸಿನ ಬಡ ರೋಗಿಗಳು

2005ರ ಜುಲೈ 26ನ್ನು ಮುಂಬಯಿಯ ಕನ್ನಡಿಗರು ಮರೆಯುವಂತಿಲ್ಲ. ಅಂದು ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ನೀರು ಇಳಿದ ಮೇಲೆ ಇಲಿಜ್ವರ ಮತ್ತಿತರ ಕಾಯಿಲೆಗಳು ಹಬ್ಬಿದಾಗ ಪರೇಲಿನ ಕೆ.ಇ.ಎಂ., ಸಯನ್, ನಾಯರ್ ಮೊದಲಾದ ನಗರಪಾಲಿಕೆಯ ಆಸ್ಪತ್ರೆಗಳೇ ಬಡವರಿಗೆ ಆಸರೆಯಾದವು. ಐದು ವಾರ ತುಂಬುವ ಮೊದಲೇ, ಆಗಸ್ಟ್ 29ರಂದು, ಅಮೆರಿಕದ ಲೂಯಿಸಿಯಾನ ರಾಜ್ಯದ ನ್ಯೂ ಆರ್ಲಿಯನ್ಸ್ ನಗರಕ್ಕೆ ಕತ್ರಿನಾ ಚಂಡಮಾರುತ ಬಡಿಯಿತು. ಒಡ್ಡುಗಳು ಒಡೆದು ನಗರದ ನೂರಕ್ಕೆ ಎಂಬತ್ತು ಭಾಗ ನೀರಿನಲ್ಲಿ ಮುಳುಗಿತು. ಆದರೆ ಅಲ್ಲಿನ ಬಡವರ ಆಸ್ಪತ್ರೆ ಮುಚ್ಚಿತು, ಮತ್ತೆಂದೂ ತೆರೆಯಲಿಲ್ಲ. ಶ್ರೀಮಂತ ದೇಶವೊಂದರಲ್ಲಿ ಹೀಗೇಕಾಯಿತು, ವಿಮೆಯಿಲ್ಲದ ಜನ ಮುಂದೆ ಎಲ್ಲಿಗೆ ಹೋದರು ಎಂಬುದನ್ನು ಓದುಗರ ಮುಂದಿಡುವುದು ನಮ್ಮ ಉದ್ದೇಶ.

ದಾನದಿಂದ ಹುಟ್ಟಿದ ಆಸ್ಪತ್ರೆ

ಆ ಆಸ್ಪತ್ರೆಯ ಹೆಸರೇ ಚಾರಿಟಿ, ಅಂದರೆ ದಾನ. ನಗರವಿನ್ನೂ ಫ್ರೆಂಚರ ವಸಾಹತಾಗಿದ್ದಾಗ, ನಾವಿಕನಾಗಿದ್ದು ಆಮೇಲೆ ಹಡಗು ಕಟ್ಟುವ ಉದ್ಯೋಗಕ್ಕಿಳಿದ ಝಾನ್ ಲೂಯಿ ಎಂಬವನು ತನ್ನ ಆಸ್ತಿಯನ್ನು ಬಡವರ ಆಸ್ಪತ್ರೆಗೆಂದು ಉಯಿಲು ಬರೆದಿಟ್ಟು ತೀರಿಕೊಂಡ. ಅದರಿಂದ 1736ರಲ್ಲಿ ಆಸ್ಪತ್ರೆ ಆರಂಭವಾಯಿತು. ಟುಲೇನ್ ಅವೆನ್ಯೂದಲ್ಲಿ 1939ರಲ್ಲಿ ಎದ್ದು ನಿಂತ ಬೃಹತ್ ಕಟ್ಟಡ ಅದರ ಆರನೆಯ ನೆಲೆ. ಎರಡೂವರೆ ಸಾವಿರಕ್ಕೂ ಹೆಚ್ಚು ಹಾಸಿಗೆಗಳಿಗೆ ಅವಕಾಶವಿದ್ದ ಆ ಆಸ್ಪತ್ರೆ ಆ ಕಾಲದಲ್ಲಿ ದೇಶದ ಅತಿ ದೊಡ್ಡ ಆಸ್ಪತ್ರೆಗಳ ಸಾಲಿಗೆ ಸೇರಿತ್ತು. ವರ್ಣಭೇದದ ದಿನಗಳಲ್ಲಿ ಕರಿಯರಿಗೂ ಬಿಳಿಯರಿಗೂ ಅಲ್ಲಿ ಪ್ರತ್ಯೇಕ ವಾರ್ಡುಗಳಿದ್ದವು ಎಂಬುದನ್ನು ಮರೆಮಾಚುವಂತಿಲ್ಲ. ಆದರೂ ತಲೆಮಾರುಗಳಿಂದ ನಗರದ ಬಡ ಕುಟುಂಬಗಳ ಹೆರಿಗೆ, ಅಪಘಾತ, ಕಾಯಿಲೆಗಳೆಲ್ಲ ಅದೇ ಸೂರಿನಡಿ ನಡೆದವು. 1997ರಲ್ಲಿ ಅದರ ಆಡಳಿತ ಲೂಯಿಸಿಯಾನ ಸ್ಟೇಟ್ ಯೂನಿವರ್ಸಿಟಿಯ ಕೈಗೆ ಬಂತು.

ಹಣ ರೋಗಿಯ ಹಿಂದೆ ಹೋಗಲಿಲ್ಲ

ಇಲ್ಲಿ ಅಮೆರಿಕದ ವಿಮಾ ಪದ್ಧತಿಯನ್ನು ತುಸು ತಿಳಿಯುವುದು ಅಗತ್ಯ. ಅಲ್ಲಿ ದುಡಿಯುವ ವಯಸ್ಸಿನ ಬಹುಪಾಲು ಜನರಿಗೆ ಆರೋಗ್ಯ ವಿಮೆ ಬರುವುದು ನೌಕರಿಯ ಮೂಲಕ. ಅರವತ್ತೈದು ದಾಟಿದವರಿಗೆ ಮೆಡಿಕೇರ್, ಬಡವರಲ್ಲಿ ಕೆಲವರಿಗೆ ಮೆಡಿಕೇಡ್ ಎಂಬ ಸರಕಾರಿ ಯೋಜನೆಗಳಿವೆ. 2005ರಲ್ಲಿ ಲೂಯಿಸಿಯಾನದ ಮೆಡಿಕೇಡ್ ಮುಖ್ಯವಾಗಿ ಮಕ್ಕಳು, ಗರ್ಭಿಣಿಯರು, ಅಂಗವಿಕಲರು ಮತ್ತು ತೀರ ಬಡವರಾದ ತಂದೆತಾಯಿಗಳಿಗೆ ಸೀಮಿತವಾಗಿತ್ತು. ಮಕ್ಕಳಿಲ್ಲದ ವಯಸ್ಕನು ಎಷ್ಟೇ ಬಡವನಾದರೂ ಸಾಮಾನ್ಯವಾಗಿ ಅದರ ಹೊರಗೆ.

ಹೀಗೆ ಹೊರಗುಳಿದವರ ಚಿಕಿತ್ಸೆಗೆ ಬರುತ್ತಿದ್ದ ಸರಕಾರಿ ಹಣದ ಬಹುಭಾಗವನ್ನು ರಾಜ್ಯವು ಚಾರಿಟಿಯಂತಹ ತನ್ನ ಆಸ್ಪತ್ರೆಗಳಿಗೇ ಕೊಡುತ್ತಿತ್ತು. ಬ್ಯಾಂಕಿನಲ್ಲಿ ಲೆಕ್ಕಪತ್ರಗಳ ನಡುವೆ ದಿನ ಕಳೆಯುವ ನಮಗೆ ಈ ಏರ್ಪಾಡಿನ ಅಪಾಯ ಬೇಗನೆ ಕಾಣುತ್ತದೆ. ಖಾತೆ ಇದ್ದದ್ದು ಆಸ್ಪತ್ರೆಯ ಹೆಸರಿನಲ್ಲಿ, ರೋಗಿಯ ಹೆಸರಿನಲ್ಲಲ್ಲ. ಆಸ್ಪತ್ರೆ ಮುಚ್ಚಿದೊಡನೆ ರೋಗಿಯ ಕೈ ಬರಿದಾಯಿತು. ಸಾಲದೆಂಬಂತೆ, ನೆರೆಯಿಂದ ನೌಕರಿ ಕಳೆದುಕೊಂಡವರು ಅದರೊಡನೆ ಬಂದಿದ್ದ ವಿಮೆಯನ್ನೂ ಕಳೆದುಕೊಂಡರು. ವಿಮೆಯಿಲ್ಲದವರ ಸಂಖ್ಯೆ ಬೆಳೆಯುವ ಹೊತ್ತಿನಲ್ಲೇ ಅವರ ಆಸ್ಪತ್ರೆ ಇಲ್ಲವಾಯಿತು.

1986ರ ಕೇಂದ್ರ ಕಾನೂನೊಂದರ ಪ್ರಕಾರ ಮೆಡಿಕೇರ್ ಹಣ ಪಡೆಯುವ ಯಾವ ಆಸ್ಪತ್ರೆಯೂ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದ ರೋಗಿಯನ್ನು ದುಡ್ಡಿಲ್ಲವೆಂದು ಹಿಂದೆ ಕಳಿಸುವಂತಿಲ್ಲ. ಪರೀಕ್ಷಿಸಿ, ಜೀವಾಪಾಯ ತಪ್ಪಿಸಬೇಕು. ಆದರೆ ಆ ಚಿಕಿತ್ಸೆ ಪುಕ್ಕಟೆಯೆಂದು ಕಾನೂನು ಹೇಳುವುದಿಲ್ಲ. ಸಕ್ಕರೆ ಕಾಯಿಲೆಯ ನಿತ್ಯದ ಔಷಧ, ಕ್ಯಾನ್ಸರಿನ ಮುಂದುವರಿದ ಚಿಕಿತ್ಸೆ, ಮನೋರೋಗಿಯ ಆರೈಕೆ ಇವೆಲ್ಲ ಅದರ ವ್ಯಾಪ್ತಿಗೆ ಬರುವುದಿಲ್ಲ. ಚಾರಿಟಿ ನೋಡಿಕೊಳ್ಳುತ್ತಿದ್ದುದು ಈ ನಿತ್ಯದ ಕಷ್ಟವನ್ನೇ.

ನೀರು ಇಳಿದ ಮೇಲೆ

ನೆರೆಯ ದಿನಗಳಲ್ಲಿ ವಿದ್ಯುತ್ತಿಲ್ಲದ ಚಾರಿಟಿಯಲ್ಲಿ ವೈದ್ಯರೂ ದಾದಿಯರೂ ರೋಗಿಗಳಿಗೆ ಕೈಯಿಂದಲೇ ಗಾಳಿಚೀಲ ಒತ್ತಿ ಉಸಿರು ಕೊಟ್ಟರು, ಮೆಟ್ಟಿಲುಗಳ ಮೇಲೆ ಹೊತ್ತು ಸಾಗಿಸಿದರು. ನೀರು ಇಳಿದ ಬಳಿಕ ಸಿಬ್ಬಂದಿ ಮತ್ತು ಸೈನಿಕರು ಸೇರಿ ಕೆಳಗಿನ ಮಹಡಿಗಳನ್ನು ಶುಚಿಗೊಳಿಸಿದರು. ಆಸ್ಪತ್ರೆ ತೆರೆಯಬಹುದೆಂಬುದು ಅವರಲ್ಲಿ ಅನೇಕರ ನಂಬಿಕೆಯಾಗಿತ್ತು. ಆಡಳಿತದವರ ನಿಲುವು ಬೇರೆ: ಕಟ್ಟಡ ಹಳೆಯದು, ಅಸುರಕ್ಷಿತ, ಹೊಸದನ್ನು ಕಟ್ಟುವುದೇ ಲೇಸು. 2008ರಲ್ಲಿ ಪಾರಂಪರಿಕ ಕಟ್ಟಡಗಳ ರಕ್ಷಣೆಯ ಸಂಸ್ಥೆಯೊಂದು ನಡೆಸಿದ ಪರಿಶೀಲನೆ ಕಟ್ಟಡ ಗಟ್ಟಿಯಾಗಿದೆ, ಅದರೊಳಗೇ ಆಧುನಿಕ ಆಸ್ಪತ್ರೆ ಮಾಡಬಹುದು ಎಂದಿತು. ವಾದ ಮುಂದುವರಿಯಿತು, ಬಾಗಿಲು ಮಾತ್ರ ತೆರೆಯಲಿಲ್ಲ.

ಈ ನಡುವೆ ರೋಗಿಗಳೇನು ಕಾಯುತ್ತಾರೆಯೇ? ಚಾರಿಟಿಯ ವೈದ್ಯರು ಮೊದಲು ಸಮ್ಮೇಳನ ಕೇಂದ್ರದಲ್ಲಿ ಡೇರೆ ಹಾಕಿ, ಬಳಿಕ 2006ರಲ್ಲಿ ಖಾಲಿಬಿದ್ದಿದ್ದ ದೊಡ್ಡ ಅಂಗಡಿಯೊಂದರಲ್ಲಿ ಚಿಕಿತ್ಸೆ ನೀಡಿದರು. ಬಟ್ಟೆಬರೆ ಮಾರುತ್ತಿದ್ದ ಜಾಗದಲ್ಲಿ ಗಾಯಗಳಿಗೆ ಹೊಲಿಗೆ ಬಿದ್ದವು. ಮಿಸಿಸಿಪಿ ನದಿಯಾಚೆ ಆಲ್ಜಿಯರ್ಸ್ ಬಡಾವಣೆಯಲ್ಲಿ ಸ್ವಯಂಸೇವಕರು ನೆರೆಯ ಎರಡು ವಾರಗಳೊಳಗೇ ಉಚಿತ ಚಿಕಿತ್ಸಾಲಯ ಆರಂಭಿಸಿದ್ದರು. ಚಾರಿಟಿಯ ಜೊತೆಯ ಯೂನಿವರ್ಸಿಟಿ ಆಸ್ಪತ್ರೆ 2006ರ ನವೆಂಬರಿನಲ್ಲಿ ಭಾಗಶಃ ತೆರೆಯಿತು. ಅತ್ಯಂತ ಕಷ್ಟಕ್ಕೆ ಸಿಕ್ಕವರು ಮನೋರೋಗಿಗಳು. ಮನೆಮಾರು ಕಳೆದುಕೊಂಡು ಮನಸ್ಸು ಕುಸಿದವರಿಗೆ ಚಾರಿಟಿಯ ಮನೋರೋಗ ವಿಭಾಗವೂ ಇಲ್ಲದಂತಾಯಿತು.

ಒಂದೇ ಹಾಳೆಯ ಅರ್ಜಿ

ಬೇರೆ ದಾರಿ ಇರಲಿಲ್ಲವೇ? ಇತ್ತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ನ್ಯೂಯಾರ್ಕಿನಲ್ಲಿ ವಿಪತ್ತು ಪರಿಹಾರ ಮೆಡಿಕೇಡ್ ಜಾರಿಗೆ ಬಂದಿತ್ತು. ಒಂದೇ ಹಾಳೆಯ ಅರ್ಜಿ, ಕನಿಷ್ಠ ದಾಖಲೆ, ನಾಲ್ಕು ತಿಂಗಳ ರಕ್ಷಣೆ. ಸುಮಾರು ಮೂರೂವರೆ ಲಕ್ಷ ಜನ ಅದರ ಲಾಭ ಪಡೆದರು. ಕತ್ರಿನಾದ ನಂತರ ಕೇಂದ್ರ ಸರಕಾರ ಅಷ್ಟು ಉದಾರವಾಗಲಿಲ್ಲ. ಸಂತ್ರಸ್ತರಿಗೆ ಐದು ತಿಂಗಳ ತಾತ್ಕಾಲಿಕ ಮೆಡಿಕೇಡ್ ಕೊಟ್ಟರೂ ಹಳೆಯ ವರ್ಗಗಳ ಗೆರೆಯನ್ನು ದಾಟಲಿಲ್ಲ; ಮಕ್ಕಳಿಲ್ಲದ ಬಡ ವಯಸ್ಕ ಮತ್ತೆ ಹೊರಗುಳಿದ. ಅಂಥವರನ್ನು ನೋಡಿದ ಆಸ್ಪತ್ರೆ, ವೈದ್ಯರಿಗೆ ವೆಚ್ಚ ತುಂಬಿಕೊಡಲು ಪ್ರತ್ಯೇಕ ನಿಧಿಯನ್ನು ಏರ್ಪಡಿಸಲಾಯಿತು.

2007ರಲ್ಲಿ ಬಂದ 10 ಕೋಟಿ ಡಾಲರುಗಳ ಕೇಂದ್ರ ಅನುದಾನ ಒಂದು ಒಳ್ಳೆಯ ತಿರುವು. ಬಡಾವಣೆಗಳ ಸಣ್ಣ ಚಿಕಿತ್ಸಾಲಯಗಳು ಅದರಿಂದ ಬೆಳೆದವು. ಒಂದೇ ದೊಡ್ಡ ಆಸ್ಪತ್ರೆಯನ್ನು ನಂಬಿದ್ದ ನಗರದಲ್ಲಿ ಮನೆಯ ಸಮೀಪದಲ್ಲೇ ವೈದ್ಯರು ಸಿಗತೊಡಗಿದರು.

ಚಾರಿಟಿಯ ಹಾನಿಗೆ ಕೇಂದ್ರ ಎಷ್ಟು ಪರಿಹಾರ ಕೊಡಬೇಕೆಂಬ ವ್ಯಾಜ್ಯ 2010ರ ಜನವರಿಯಲ್ಲಿ ಮಧ್ಯಸ್ಥರ ತೀರ್ಪಿನಿಂದ ಮುಗಿಯಿತು. ರಾಜ್ಯಕ್ಕೆ ಸುಮಾರು 47.5 ಕೋಟಿ ಡಾಲರು ದೊರೆಯಿತು. ನೂರು ಕೋಟಿಗೂ ಹೆಚ್ಚು ಡಾಲರುಗಳ ವೆಚ್ಚದಲ್ಲಿ ಕಟ್ಟಿದ ಹೊಸ ಯೂನಿವರ್ಸಿಟಿ ಮೆಡಿಕಲ್ ಸೆಂಟರ್ 2015ರ ಆಗಸ್ಟ್ 1ರಂದು ತೆರೆಯಿತು. ನೆರೆ ಬಂದು ಆಗ ಹತ್ತು ವರ್ಷ ತುಂಬುತ್ತಿತ್ತು. ಅದರ ಆಡಳಿತ ಈಗ ಸರಕಾರದ್ದಲ್ಲ, ಲಾಭರಹಿತ ಖಾಸಗಿ ಸಂಸ್ಥೆಯದು. 2016ರ ಜುಲೈ 1ರಿಂದ, ರಾಜ್ಯಪಾಲ ಜಾನ್ ಬೆಲ್ ಎಡ್ವರ್ಡ್ಸ್ ಅವರ ಆದೇಶದಂತೆ, ಲೂಯಿಸಿಯಾನ ಬಡ ವಯಸ್ಕರೆಲ್ಲರಿಗೂ ಮೆಡಿಕೇಡ್ ವಿಸ್ತರಿಸಿತು. ಮೊದಲ ವರ್ಷದಲ್ಲೇ ನಾಲ್ಕು ಲಕ್ಷಕ್ಕೂ ಮಿಕ್ಕಿದ ಜನ ಸೇರಿದರು. 2005ರಲ್ಲಿ ಬೇಕಾಗಿದ್ದ ನೆರವು ಹನ್ನೊಂದು ವರ್ಷ ತಡವಾಗಿ ಬಂತು.

ನಮಗೇನು ಪಾಠ?

ನಮ್ಮಲ್ಲೂ ಈಗ ವಿಮೆಯ ಮಾತೇ ಹೆಚ್ಚು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆ ಅರ್ಹ ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗೆ ಆಸ್ಪತ್ರೆ ವೆಚ್ಚದ ರಕ್ಷಣೆ ಕೊಡುತ್ತದೆ. ಅದು ಸ್ವಾಗತಾರ್ಹ. ಆದರೆ ನೆರೆಯಲ್ಲಿ ಮೊದಲು ಕೊಚ್ಚಿಹೋಗುವುದು ಮನೆಯ ಕಾಗದಪತ್ರಗಳೇ. ಕಾರ್ಡು ಇದ್ದೂ ಹತ್ತಿರದಲ್ಲಿ ತೆರೆದ ಆಸ್ಪತ್ರೆಯಿಲ್ಲದಿದ್ದರೆ ಅದು ಬರಿಯ ಕಾಗದ. ಆಸ್ಪತ್ರೆಯೊಂದನ್ನೇ ನಂಬಿ ರೋಗಿಯ ಕೈಗೆ ಏನೂ ಕೊಡದಿದ್ದರೆ ನ್ಯೂ ಆರ್ಲಿಯನ್ಸಿನ ಗತಿ. ಎರಡೂ ಬೇಕು.

ನಮ್ಮಲ್ಲಿ ಹಲವರು ಇಂದು ಖಾಸಗಿ ಆಸ್ಪತ್ರೆಗೆ ಹೋಗಬಲ್ಲೆವು. ಆದರೆ ನಮ್ಮ ಮನೆಗೆ ಹಾಲು ತರುವವರು, ಪಾತ್ರೆ ತೊಳೆಯುವವರು, ಕಟ್ಟಡ ಕಾಯುವವರು ನಗರಪಾಲಿಕೆಯ ಆಸ್ಪತ್ರೆಯ ಸಾಲಿನಲ್ಲೇ ನಿಲ್ಲುತ್ತಾರೆ. ಆ ಆಸ್ಪತ್ರೆಗಳ ಜನರೇಟರು ಎಲ್ಲಿದೆ, ಮುಂದಿನ ಮಹಾಮಳೆಗೆ ಅವು ಸಜ್ಜಾಗಿವೆಯೇ ಎಂದು ನಮ್ಮ ನಗರಸೇವಕರನ್ನು ಮಳೆಗಾಲಕ್ಕೆ ಮೊದಲೇ ಕೇಳುವುದು ನಮ್ಮೆಲ್ಲರ ಹೊಣೆ.