ಊರು ಕರಗಿಸಿದ ಕೋಟೆ, ಕಾಡು ಕಾದ ಕೋಟೆ

ಲಕ್ಕುಂಡಿಗೆ ಬಂದವರು ಗುಡಿಗಳನ್ನು ನೋಡುತ್ತಾರೆ, ಬಾವಿಗಳನ್ನು ನೋಡುತ್ತಾರೆ. ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತೇ ಇಲ್ಲಿ ಉಂಟು. ಆದರೆ ಈ ಊರಿನ ಕೋಟೆ ಎಲ್ಲಿ ಎಂದು ಕೇಳುವವರು ಕಡಿಮೆ. ಕೋಟೆ ವೀರಭದ್ರೇಶ್ವರ ಎಂಬ ಗುಡಿಯೊಂದಿದೆ. ಕೋಟೆಯ ನೆನಪು ಗೋಡೆಗಳಲ್ಲಿ ಉಳಿದಿರುವುದಕ್ಕಿಂತ ಇಂಥ ಹೆಸರಿನಲ್ಲಿ ಉಳಿದಿರುವುದೇ ಹೆಚ್ಚು.

ಶಾಸನಗಳಲ್ಲಿ ಈ ಊರು ಲೊಕ್ಕಿಗುಂಡಿ. ಕ್ರಿ.ಶ. 1007ರ ಹೊತ್ತಿಗೆ ದಾನಚಿಂತಾಮಣಿ ಅತ್ತಿಮಬ್ಬೆ ಇಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ್ದಳು. ನಾಣ್ಯ ಅಚ್ಚುಹಾಕುವ ಟಂಕಶಾಲೆಯೂ ಇಲ್ಲಿತ್ತು. ಹಣವಿದ್ದ ಊರಿನ ಮೇಲೆ ಅರಸರ ಕಣ್ಣು ಬೀಳದೇ ಇರುತ್ತದೆಯೇ? ಕಲ್ಯಾಣದ ಚಾಲುಕ್ಯರ ಬಲ ಕುಗ್ಗಿದಾಗ ಉತ್ತರದಿಂದ ಸೇವುಣರ ಐದನೆಯ ಭಿಲ್ಲಮ, ದಕ್ಷಿಣದಿಂದ ಹೊಯ್ಸಳರ ಇಮ್ಮಡಿ ವೀರಬಲ್ಲಾಳ ಈ ಸೀಮೆಗೆ ನುಗ್ಗಿದರು. ಸೊರಟೂರಿನ ಬಯಲಿನಲ್ಲಿ ಭಿಲ್ಲಮನ ಸೈನ್ಯ ಸೋತಿತು. ಭಿಲ್ಲಮನ ಬಲಗೈಯಂತಿದ್ದ ಜೈತ್ರಸಿಂಹನನ್ನು ಬಲ್ಲಾಳ ಗೆದ್ದನೆಂದು ಗದುಗಿನ ತ್ರಿಕೂಟೇಶ್ವರ ದೇಗುಲದ ಕ್ರಿ.ಶ. 1192ರ ಶಾಸನ ಸಾರುತ್ತದೆ. ಆಗ ಬಲ್ಲಾಳ ಬೀಡುಬಿಟ್ಟು ಆಳಿದ್ದು ಲೊಕ್ಕಿಗುಂಡಿಯಿಂದಲೇ.

ಈ ಬಲ್ಲಾಳರ ಮೂಲ ನೆಲ ಗದುಗಿನ ಕರಿಮಣ್ಣಿನ ಬಯಲಲ್ಲ. ಇಲ್ಲಿಂದ ಮುನ್ನೂರು ಕಿಲೋಮೀಟರಿಗೂ ದೂರದ ಮಲೆನಾಡು. ಹೊಯ್ಸಳ ವಂಶ ಹುಟ್ಟಿತೆನ್ನುವ ಸೊಸೆವೂರು ಚಿಕ್ಕಮಗಳೂರು ಜಿಲ್ಲೆ ಮೂಡಿಗೆರೆ ತಾಲ್ಲೂಕಿನ ಇಂದಿನ ಅಂಗಡಿ. ಅದೇ ಮೂಡಿಗೆರೆ ಸೀಮೆಯಲ್ಲಿ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನ ಬೆಟ್ಟದ ನೆತ್ತಿಯಲ್ಲಿ ಅವರ ಹೆಸರು ಹೊತ್ತ ಇನ್ನೊಂದು ಕೋಟೆ ಇದೆ. ಅದೇ ಬಲ್ಲಾಳರಾಯನ ದುರ್ಗ.

ಈ ಕೋಟೆಗೆ ಬಸ್ಸು ಹೋಗುವುದಿಲ್ಲ. ಅರಣ್ಯ ಇಲಾಖೆಯ ಅನುಮತಿ ಪಡೆದು ಕಾಲ್ನಡಿಗೆಯಲ್ಲೇ ಏರಬೇಕು. ಕಾಫಿ ತೋಟ ಹಿಂದೆ ಉಳಿದ ಮೇಲೆ ಶೋಲಾ ಕಾಡು, ಕಾಡು ಮುಗಿದರೆ ಹುಲ್ಲುಗಾವಲು. ಮಳೆಗಾಲದಲ್ಲಿ ಕಾಲಿಗೆ ಜಿಗಣೆ, ಕಣ್ಣಿಗೆ ಮಂಜು. ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರ ತಲುಪಿದಾಗ ಹುಲ್ಲಿನ ನಡುವೆ ಕಲ್ಲಿನ ಗೋಡೆಗಳು ಕಾಣಿಸುತ್ತವೆ. ಕೆಲವು ನಿಂತಿವೆ, ಹಲವು ಕುಸಿದಿವೆ. ಪಶ್ಚಿಮಕ್ಕೆ ನೆಲ ಒಮ್ಮೆಲೇ ಕರಾವಳಿಯತ್ತ ಇಳಿಯುತ್ತದೆ. ಇಲ್ಲಿ ಕೋಟೆ ಏಕೆ ಬೇಕಿತ್ತೆಂದು ಯಾರೂ ವಿವರಿಸಬೇಕಾಗಿಲ್ಲ. ಘಟ್ಟ ಹತ್ತುವವರನ್ನು ಕಾಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು.

ಹೊಯ್ಸಳರ ಕಾಲ ಮುಗಿದ ಮೇಲೂ ದುರ್ಗ ಉಪಯೋಗಕ್ಕೆ ಬಂತು. 1763ರಲ್ಲಿ ಹೈದರಾಲಿ ಬಿದನೂರಿಗೆ ಮುತ್ತಿಗೆ ಹಾಕಿದಾಗ ಕೆಳದಿಯ ಕೊನೆಯ ರಾಣಿ ವೀರಮ್ಮಾಜಿ ತಪ್ಪಿಸಿಕೊಂಡು ಬಂದು ಸೇರಿದ್ದು ಇಲ್ಲಿಗೆ. ಬೆಟ್ಟ ಅವಳಿಗೆ ಹೆಚ್ಚು ದಿನ ಆಸರೆಯಾಗಲಿಲ್ಲ. ಸೆರೆ ಸಿಕ್ಕಿದ ರಾಣಿಯನ್ನು ಮಧುಗಿರಿ ಕೋಟೆಯಲ್ಲಿ ಇಡಲಾಯಿತು.

ಒಂದು ಕೋಟೆ ಶ್ರೀಮಂತ ನಗರದ್ದು, ಇನ್ನೊಂದು ನಿರ್ಜನ ಬೆಟ್ಟದ್ದು. ಉಳಿದದ್ದು ಯಾವುದು? ಬೆಟ್ಟದ್ದೇ. ಅದು ಹೆಚ್ಚು ಗಟ್ಟಿ ಎಂದಲ್ಲ, ಅಲ್ಲಿಂದ ಕಲ್ಲು ಹೊತ್ತು ಒಯ್ಯುವವರಿರಲಿಲ್ಲ. ಲಕ್ಕುಂಡಿಯಲ್ಲಾದರೋ ಜನ ಎಂಟು ನೂರು ವರ್ಷ ಸಂಸಾರ ನಡೆಸಿದ್ದಾರೆ. ಹಳೆಯ ಕಲ್ಲು ಮನೆಯ ಗೋಡೆಗೆ ಬಂತು, ಜಗಲಿಗೆ ಬಂತು. ಇದನ್ನು ಅಪರಾಧ ಎನ್ನಲಾಗದು. ಬಿದ್ದ ಕಲ್ಲನ್ನು ಎತ್ತಿ ಸೂರು ಕಟ್ಟಿಕೊಳ್ಳುವುದು ಎಲ್ಲ ಕಾಲದ ರೂಢಿ.

ಆದರೆ ಈಗ ಆ ಲೆಕ್ಕ ಬದಲಾಗಿದೆ. 2026ರ ಜನವರಿಯಲ್ಲಿ ಲಕ್ಕುಂಡಿಯ ಮನೆಯೊಂದರ ತಳಪಾಯ ತೋಡುವಾಗ ಹಳೆಯ ಚಿನ್ನದ ಆಭರಣಗಳು ಸಿಕ್ಕವು. ಅದನ್ನು ಮುಚ್ಚಿಡದೆ ಸರ್ಕಾರಕ್ಕೆ ಒಪ್ಪಿಸಲಾಯಿತು. ಆಭರಣಕ್ಕಿಂತ ಈ ನಡೆ ದೊಡ್ಡದು. ಮಣ್ಣಿನಲ್ಲಿ ಸಿಕ್ಕ ವಸ್ತು ಎಲ್ಲಿ, ಎಷ್ಟು ಆಳದಲ್ಲಿ, ಯಾವುದರ ಜತೆ ಇತ್ತು ಎಂಬುದು ತಿಳಿದರೆ ಅದು ಚರಿತ್ರೆ. ಅದು ಅಳಿಸಿಹೋದರೆ ಬರೀ ಲೋಹ.

ಬೆಟ್ಟದ ಕೋಟೆಗೂ ಇದೇ ಮಾತು ಸಲ್ಲುತ್ತದೆ. ಇಷ್ಟು ದಿನ ಅದನ್ನು ಕಾದದ್ದು ದಾರಿಯ ಕಷ್ಟ. ಚಾರಣಿಗರ ಸಂಖ್ಯೆ ಏರಿದಂತೆ ಆ ರಕ್ಷಣೆ ತೆಳುವಾಗುತ್ತದೆ. ಗೋಡೆಯ ಮೇಲೆ ಹತ್ತಿ ನಿಂತು ತೆಗೆಸಿಕೊಳ್ಳುವ ಒಂದು ಫೋಟೋಕ್ಕೆ ಸಡಿಲಗೊಂಡ ಕಲ್ಲೊಂದು ಉರುಳಬಹುದು. ಉರುಳಿದ್ದನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಲು ಬಲ್ಲಾಳನ ಕಾಲದ ಒಡ್ಡರು ಬರುವುದಿಲ್ಲ.

ಲಕ್ಕುಂಡಿಯ ಕೋಟೆ ಹೇಗೆ ಕರಗಿತೆಂದು ಅರಿಯಲು ದುರ್ಗವನ್ನು ನೋಡಬೇಕು. ದುರ್ಗ ಮುಂದೆ ಏನಾಗಬಹುದೆಂದು ಅರಿಯಲು ಲಕ್ಕುಂಡಿಯ ಓಣಿಗಳಲ್ಲಿ ಒಮ್ಮೆ ನಡೆದರೆ ಸಾಕು.